ಹಸುಗೂಸುಗಳ ನಂಜು ಮತ್ತು ನಮ್ಮ ಕರ್ತವ್ಯ

(ಸಂಘದ ರಾಜ್ಯೋತ್ಸವದ ಅಂಗವಾಗಿ ಪುಣೆಯಲ್ಲಿ ಜರುಗಿದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಈ ಶುಭಸಮಯದಲ್ಲಿ ತಮ್ಮ ಮುಂದೆ ನಿಂತು ನಾಲ್ಕು ಮಾತುಗಳನ್ನಾಡಬೇಕೆಂದು ನಮ್ಮ ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಮಗೆ ಬಹಳ ಸಂಕೋಚವಾಯಿತು. ನಾವು ಸಾಹಿತಿಗಳಲ್ಲ, ವೈದ್ಯರಂತೂ ಅಲ್ಲವೇ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿದವರು. ದಿನವಿಡೀ ಅನ್ಯರ ಲೆಕ್ಕವನ್ನು ತಾಳೆ ನೋಡುವುದೇ ನಮ್ಮ ಕಸುಬು. ನಾಡುನುಡಿಗಳ ಹಿರಿಮೆಯನ್ನು ಕುರಿತು ನಮಗಿಂತ ಬಲ್ಲವರು ಈ ವೇದಿಕೆಯಿಂದ ಈಗಾಗಲೇ ಮಾತನಾಡಿದ್ದಾರೆ. ನಾವು ಆರಿಸಿಕೊಂಡ ವಿಷಯ ಹಬ್ಬದ ದಿನಕ್ಕೆ ಒಪ್ಪುವಂಥದಲ್ಲವೆಂದು ಕೆಲವರಿಗೆ ತೋರಬಹುದು. ಆದರೂ ಇಷ್ಟೊಂದು ಕನ್ನಡ ಕುಟುಂಬಗಳು, ಅದರಲ್ಲಿಯೂ ಎಳೆಯ ಮಕ್ಕಳ ತಾಯಿತಂದೆಗಳು, ಒಂದೆಡೆ ಸೇರುವುದು ವರ್ಷಕ್ಕೊಮ್ಮೆ. ಈ ಅವಕಾಶವನ್ನು ಬಿಟ್ಟರೆ ಮತ್ತೆ ಎಲ್ಲಿ ಹೇಳುವುದು? ಆದುದರಿಂದ ತಾವು ಸಹನೆಯಿಂದ ಕೇಳಬೇಕೆಂದು ಪ್ರಾರ್ಥನೆ.

ಮೊದಲು ನಮ್ಮ ಮನೆಯ ಸಂಗತಿಯನ್ನೇ ಹೇಳಿಬಿಡುತ್ತೇವೆ. ೨೦೧೯ನೆಯ ಇಸವಿಯ ಮಳೆಗಾಲದಲ್ಲಿ ಇದೇ ಊರಿನಲ್ಲಿ ನಮ್ಮ ಎರಡನೆಯ ಕೂಸು ಹುಟ್ಟಿತು. ಬಾಣಂತನಕ್ಕೆ ಬರಬೇಕಾಗಿದ್ದ ಅತ್ತೆಯವರು ಗದಗಿನಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ನಮ್ಮ ತಾಯಿಯವರು ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದುವು. ಹೀಗಾಗಿ ಮನೆಯಲ್ಲಿ ಹಿರಿಯರೆಂಬವರಿಲ್ಲ. ಒಂಬತ್ತನೆಯ ದಿನ ಬೆಳಗಿನಿಂದ ಕೂಸು ಅಳಲೇ ಇಲ್ಲ. ಮೊದಲನೆಯ ಮಗು ರಾತ್ರಿಯೆಲ್ಲ ಅತ್ತು ನಮ್ಮನ್ನು ಹಣ್ಣುಮಾಡಿತ್ತು. ಇದು ಎಷ್ಟು ಜಾಣ ಕೂಸು, ಅಮ್ಮನಿಗೆ ವಿಶ್ರಾಂತಿ ಕೊಡುತ್ತಿದೆ ಎಂದು ನಾವಿಬ್ಬರೂ ಹಿಗ್ಗಿದೆವು. ನಾವು ಅಂಗಿ ತೊಟ್ಟು ಬ್ಯಾಂಕಿಗೆ ಹೊರಟು ನಿಂತಿದ್ದೆವು.

ಆಗ ಪಾತ್ರೆ ತಿಕ್ಕಲು ಬರುವ ಹೆಂಗಸು ಒಳಗೆ ಬಂದಳು. ಯಾದಗಿರಿಯ ಕಡೆಯ ಆಕೆ. ಬಂದವಳೇ ತೊಟ್ಟಿಲಿನಲ್ಲಿ ಬಗ್ಗಿ ಕೂಸಿನ ಅಂಗಾಲನ್ನು ಮುಟ್ಟಿ ನೋಡಿ, "ಅಕ್ಕಾರ, ಕೂಸು ಯಾವಾಗ ಮೊಲಿ ಹಿಡಿದಿತ್ತು?" ಎಂದು ಕೇಳಿದಳು. ರಾತ್ರಿ ಎರಡು ಗಂಟೆಗೆ ಎಂದರು ನಮ್ಮ ಮನೆಯವರು. "ಇದು ನಿದ್ದಿ ಅಲ್ರೀ. ಕೂಸು ಸೋತದ. ಈಗಿಂದೀಗ ದವಾಖಾನಿಗೆ ನಡೀರಿ" ಎಂದಳು. ಜ್ವರವಿಲ್ಲವಲ್ಲ, ಮೈ ತಣ್ಣಗಿದೆಯಲ್ಲ ಎಂದು ನಾವು ವಿದ್ಯಾವಂತರ ವಾದ ಹೂಡಿದೆವು. "ತಣ್ಣಗದ ಅಂತಲೇ ನನಗ ಅಂಜಿಕಿ ರೀ" ಎಂದು ಆಕೆ ಹೇಳಿ, ತಾನೇ ಕೂಸನ್ನು ದುಪ್ಪಟಿಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಬಾಗಿಲಿಗೆ ನಡೆದಳು.

ಆಸ್ಪತ್ರೆ ನಮ್ಮ ಮನೆಯಿಂದ ಒಂದು ಮೈಲಿ ಕೂಡ ಇಲ್ಲ. ಮಗುವಿನ ರಕ್ತಕ್ಕೆ ನಂಜೇರಿದೆ ಎಂದು ವೈದ್ಯರು ಹೇಳಿದರು. ಸಂಜೆಯವರೆಗೆ ಕಾದಿದ್ದರೆ ನಾವು ಯಾವ ಭರವಸೆಯನ್ನೂ ಕೊಡಲಾರದೆ ಹೋಗುತ್ತಿದ್ದೆವು ಎಂದೂ ಹೇಳಿದರು. ಹದಿನಾಲ್ಕು ದಿನ ಸೂಜಿಮದ್ದು ನಡೆಯಿತು. ಕೂಸು ಬದುಕಿತು. ಇಂದು ಈ ಸಭೆಯ ಹಿಂದಿನ ಸಾಲಿನಲ್ಲಿ ಬಲೂನು ಹಿಡಿದು ಓಡಾಡುತ್ತ ತಮಗೆಲ್ಲ ತೊಂದರೆ ಕೊಡುತ್ತಿರುವವಳು ಅವಳೇ.

ಎಷ್ಟೋ ದಿನಗಳ ಮೇಲೆ, ನಿನಗೆ ಇದು ಹೇಗೆ ತಿಳಿಯಿತು ಎಂದು ಆ ತಾಯಿಯನ್ನು ಕೇಳಿದೆವು. ಆಕೆಯ ಚೊಚ್ಚಲ ಕೂಸು ಊರ ಹೊರಗಿನ ಒಂದು ಕಟ್ಟಡದ ಕೆಲಸದ ತಗಡಿನ ಗುಡಿಸಲಿನಲ್ಲಿ ಹುಟ್ಟಿತ್ತಂತೆ. ಅದೂ ಹೀಗೆಯೇ ಮೊಲೆ ಬಿಟ್ಟು ಮಲಗಿತಂತೆ. ನಾಳೆ ಬಟವಾಡೆ, ಕೂಲಿ ಕೈಗೆ ಬಂದಮೇಲೆ ಹೋಗಿರಿ ಎಂದು ಮುಕಾದಮ ಹೇಳಿದನಂತೆ. ದವಾಖಾನೆ ಎಲ್ಲಿದೆಯೆಂದು ಮರಾಠಿಯಲ್ಲಿ ಕೇಳಬಲ್ಲವರು ಆ ಗುಡಿಸಲುಗಳ ಸಾಲಿನಲ್ಲಿ ಒಬ್ಬರೂ ಇರಲಿಲ್ಲ. ಬಟವಾಡೆಯ ಹೊತ್ತಿಗೆ ಕೂಸಿರಲಿಲ್ಲ. ನಮ್ಮ ಮಗಳನ್ನು ಉಳಿಸಿದ ತಿಳಿವಳಿಕೆಗೆ ಆಕೆ ತೆತ್ತ ಬೆಲೆ ಇದು. ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತ, ಬಲ್ಲವರನ್ನು ಕೇಳುತ್ತ ಬಂದಿದ್ದೇವೆ. ಅದರಲ್ಲಿ ನಮ್ಮ ಬುದ್ಧಿಗೆ ನಿಲುಕಿದಷ್ಟನ್ನು ತಮ್ಮ ಮುಂದಿಡುತ್ತೇವೆ.

ನಂಜು ಎಂಬ ಮಾತು ನಮ್ಮ ಅಜ್ಜಿಯರಿಗೆ ಹೊಸದಲ್ಲ. ಗಾಯ ನಂಜಾಯಿತು, ಬಾಣಂತಿಗೆ ನಂಜೇರಿತು ಎಂದು ಅವರು ಹೇಳುತ್ತಿದ್ದರು. ವೈದ್ಯರು ಇಂದು ಸೆಪ್ಸಿಸ್ ಎಂದು ಕರೆಯುವುದು ಇದರ ಅತ್ಯಂತ ಘೋರವಾದ ರೂಪವನ್ನು. ಹೊಕ್ಕುಳಿನಿಂದಲೋ, ಪುಪ್ಪುಸದಿಂದಲೋ, ಕರುಳಿನಿಂದಲೋ ರೋಗಾಣು ಒಳಹೊಗುತ್ತದೆ. ಅದನ್ನು ಹೊಡೆದೋಡಿಸಲು ದೇಹವು ಯುದ್ಧ ಹೂಡುತ್ತದೆ. ಆ ಯುದ್ಧ ಹತೋಟಿ ತಪ್ಪಿ ದೇಹದ ಸ್ವಂತ ಅಂಗಗಳನ್ನೇ ಹಾಳುಮಾಡತೊಡಗಿದರೆ ಅದೇ ಸೆಪ್ಸಿಸ್. ರಕ್ತದ ಒತ್ತಡ ಕುಸಿಯುತ್ತದೆ, ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ, ಉಸಿರು ಕಷ್ಟವಾಗುತ್ತದೆ. ಹುಟ್ಟಿದ ಕೂಸಿಗೆ ಹೋರಾಡುವ ಬಲ ಇನ್ನೂ ಪೂರ್ತಿಯಾಗಿ ಬಂದಿರುವುದಿಲ್ಲ. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಕೂಸಿಗೆ ಮತ್ತೂ ಕಡಿಮೆ. ದೊಡ್ಡವರಲ್ಲಿ ದಿನಗಳು ಹಿಡಿಯುವ ಕೇಡು ಕೂಸಿನಲ್ಲಿ ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಬ್ಯಾಂಕಿನವರ ಭಾಷೆಯಲ್ಲಿ ಹೇಳುವುದಾದರೆ ಇದು ಗಂಟೆ ಗಂಟೆಗೂ ಏರುವ ಚಕ್ರಬಡ್ಡಿಯ ಸಾಲ.

ಇದರ ವಿಸ್ತಾರವೆಷ್ಟು? ೨೦೨೦ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಧ್ಯಯನದ ಅಂದಾಜಿನ ಪ್ರಕಾರ, ೨೦೧೭ನೆಯ ಒಂದೇ ವರ್ಷದಲ್ಲಿ ಲೋಕದಲ್ಲಿ ೪ ಕೋಟಿ ೮೯ ಲಕ್ಷ ಜನರಿಗೆ ಸೆಪ್ಸಿಸ್ ತಗುಲಿ, ೧ ಕೋಟಿ ೧೦ ಲಕ್ಷ ಜನ ತೀರಿಕೊಂಡರು. ರೋಗ ತಗುಲಿದವರಲ್ಲಿ ಸುಮಾರು ೨ ಕೋಟಿ ಐದು ವರ್ಷದೊಳಗಿನ ಮಕ್ಕಳು. ಆ ವಯಸ್ಸಿನ ಮಕ್ಕಳಲ್ಲಿ ಸತ್ತವರು ೨೯ ಲಕ್ಷ. ರೋಗಿಗಳಲ್ಲಿ ನೂರಕ್ಕೆ ಎಂಬತ್ತೈದು ಮಂದಿ ಇದ್ದದ್ದು ಬಡ ಮತ್ತು ಮಧ್ಯಮ ಸ್ಥಿತಿಯ ದೇಶಗಳಲ್ಲಿ. ಅದೇ ೨೦೧೭ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಸೆಪ್ಸಿಸನ್ನು ತಡೆಯುವುದೂ ಬೇಗ ಗುರುತಿಸುವುದೂ ಎಲ್ಲ ಸರಕಾರಗಳ ಕರ್ತವ್ಯವೆಂದು ನಿರ್ಣಯ ಮಾಡಿತು. ಅಂಕಿಗಳು ದೊಡ್ಡವಾದಷ್ಟೂ ಮನಸ್ಸಿಗೆ ತಟ್ಟುವುದು ಕಡಿಮೆ. ಇದು ಅಂಕಿಗಳ ನಡುವೆಯೇ ಬಾಳುವ ನಮ್ಮ ಅನುಭವ. ಆದುದರಿಂದ ಅವನ್ನು ಇಲ್ಲಿಗೇ ಬಿಟ್ಟು, ಬಡತನದಲ್ಲಿಯೂ ಈ ನಂಜನ್ನು ಎದುರಿಸಿ ಗೆದ್ದ ಒಂದು ಜಾಗದ ಕಥೆಯನ್ನು ಹೇಳುತ್ತೇವೆ. ಅದು ದೂರದ್ದಲ್ಲ, ನಾವು ಅನ್ನ ತಿನ್ನುತ್ತಿರುವ ಈ ಮಹಾರಾಷ್ಟ್ರದ್ದೇ.

ರಾಜ್ಯದ ಪೂರ್ವದ ಅಂಚಿನಲ್ಲಿ ಗಡಚಿರೋಲಿ ಎಂಬ ಜಿಲ್ಲೆಯಿದೆ. ದಟ್ಟವಾದ ಕಾಡು, ಗೊಂಡ ಜನರ ಹಳ್ಳಿಗಳು, ದೂರ ದೂರದ ಆಸ್ಪತ್ರೆಗಳು. ಡಾಕ್ಟರ್ ಅಭಯ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ಎಂಬ ದಂಪತಿಗಳು ನಾಗಪುರದಲ್ಲಿ ವೈದ್ಯವಿದ್ಯೆಯನ್ನು ಕಲಿತು, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಹೆಚ್ಚಿನ ವ್ಯಾಸಂಗ ಮಾಡಿ, ಅಲ್ಲಿಯೇ ನಿಲ್ಲದೆ ಈ ಕಾಡಿಗೆ ಬಂದು ೧೯೮೬ರಲ್ಲಿ 'ಸರ್ಚ್' ಎಂಬ ಸಂಸ್ಥೆಯನ್ನು ಕಟ್ಟಿದರು. ಅಲ್ಲಿ ಹುಟ್ಟಿದ ಕೂಸುಗಳು ತಿಂಗಳು ತುಂಬುವುದರೊಳಗೆ ಸಾಯುತ್ತಿದ್ದುವು. ಬಾಣಂತಿಯೂ ಕೂಸೂ ಹೊರಗೆ ಕಾಲಿಡಬಾರದೆಂಬ ಸಂಪ್ರದಾಯ, ಕೈಯಲ್ಲಿ ಕಾಸಿಲ್ಲ, ಮಳೆಗಾಲದಲ್ಲಿ ದಾರಿಯಿಲ್ಲ. ಕೂಸು ಆಸ್ಪತ್ರೆಗೆ ಬರಲಾರದಾದರೆ ಆಸ್ಪತ್ರೆಯೇ ಕೂಸಿನ ಬಳಿಗೆ ಹೋಗಬೇಕು ಎಂದು ಈ ದಂಪತಿಗಳು ನಿಶ್ಚಯಿಸಿದರು.

ಅವರು ಮಾಡಿದ್ದೇನು? ೩೯ ಹಳ್ಳಿಗಳಲ್ಲಿ, ಐದರಿಂದ ಹತ್ತನೆಯ ತರಗತಿಯವರೆಗೆ ಓದಿದ ಆಯಾ ಊರಿನ ಹೆಂಗಸರನ್ನೇ ಆರಿಸಿ ತರಬೇತಿ ಕೊಟ್ಟರು. ಉಷ್ಣಮಾಪಕ, ತೂಕದ ತಕ್ಕಡಿ, ಕೂಸನ್ನು ಬೆಚ್ಚಗಿಡುವ ಚೀಲ, ಉಸಿರು ಕಟ್ಟಿದಾಗ ಗಾಳಿಯೂಡುವ ಸಾಧನ, ಇವಿಷ್ಟು ಅವರ ಕೈಗೆ ಬಂದುವು. ಹೆರಿಗೆಯ ಹೊತ್ತಿಗೆ ಹಾಜರಿರುವುದು, ಆಮೇಲೆ ಮನೆಗೆ ಮತ್ತೆ ಮತ್ತೆ ಹೋಗಿ ಕೂಸನ್ನು ನೋಡಿ ಬರೆದಿಡುವುದು ಅವರ ಕೆಲಸ. ಗೊತ್ತುಮಾಡಿದ ಚಿಹ್ನೆಗಳು ಕಂಡುಬಂದರೆ, ತಾಯಿತಂದೆಗಳು ಆಸ್ಪತ್ರೆಗೆ ಒಯ್ಯಲು ಒಪ್ಪದಿದ್ದಾಗ, ಅವರ ಸಮ್ಮತಿ ಪಡೆದು ಜೆಂಟಾಮೈಸಿನ್ ಸೂಜಿಯನ್ನೂ ಕೋ-ಟ್ರೈಮೋಕ್ಸಜೋಲ್ ಎಂಬ ಕುಡಿಯುವ ಔಷಧವನ್ನೂ ಮನೆಯಲ್ಲೇ ಕೊಡುವುದು.

ಇದಕ್ಕೂ ಮೊದಲು ಅದೇ ಜಿಲ್ಲೆಯಲ್ಲಿ ಮಕ್ಕಳ ನ್ಯುಮೋನಿಯ ಗುರುತಿಸುವುದಕ್ಕಾಗಿ ಅವರು ಮಾಡಿದ ಒಂದು ಸಾಧನವನ್ನು ಹೇಳಲೇಬೇಕು. ಲೆಕ್ಕ ಬಾರದ ಸೂಲಗಿತ್ತಿಯರು ಉಸಿರೆಣಿಸುವುದು ಹೇಗೆ? ಒಂದು ನಿಮಿಷದ ಮರಳುಗಡಿಯಾರ, ಪಕ್ಕದಲ್ಲಿ ತಂತಿಗೆ ಪೋಣಿಸಿದ ಮಣಿಗಳು. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಮುಗಿಯುವ ಮೊದಲೇ ಕೆಂಪು ಮಣಿ ಬಂದರೆ ಉಸಿರು ಅತಿ ವೇಗವೆಂದು ಅರ್ಥ. ಕೂಡುಯಂತ್ರ, ಕಂಪ್ಯೂಟರುಗಳ ನಡುವೆ ಕುಳಿತಿರುವ ನಮಗೆ ಈ ಮಣಿಚೌಕಟ್ಟಿನ ಮುಂದೆ ತಲೆಬಾಗಬೇಕೆನಿಸಿತು.

ಹಳ್ಳಿಯ ಹೆಂಗಸಿನ ಕೈಗೆ ಸೂಜಿ ಕೊಡುವುದೇ ಎಂದು ಹುಬ್ಬು ಗಂಟಿಕ್ಕಿದವರು ಇದ್ದರು. ಉತ್ತರ ೧೯೯೯ರ ಡಿಸೆಂಬರಿನಲ್ಲಿ 'ಲಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾಯಿತು. ಹುಟ್ಟಿದ ಸಾವಿರ ಕೂಸುಗಳಲ್ಲಿ ತಿಂಗಳೊಳಗೆ ಸಾಯುತ್ತಿದ್ದವು ಮೊದಲು ೬೨. ಕೆಲಸ ಪ್ರಾರಂಭವಾದ ಮೂರನೆಯ ವರ್ಷಕ್ಕೆ ಅದು ಸುಮಾರು ೨೫ಕ್ಕೆ ಇಳಿದಿತ್ತು. ಹೋಲಿಕೆಗಾಗಿ ಇಟ್ಟುಕೊಂಡಿದ್ದ ಬೇರೆ ಹಳ್ಳಿಗಳಲ್ಲಿ ಇಂಥ ಇಳಿಕೆ ಕಾಣಲಿಲ್ಲ. ನಂಜು ತಗುಲಿದ ನೂರು ಕೂಸುಗಳಲ್ಲಿ ಮೊದಲು ಸುಮಾರು ಹದಿನೇಳು ಸಾಯುತ್ತಿದ್ದರೆ, ಚಿಕಿತ್ಸೆ ಮೊದಲಾದ ಮೇಲೆ ಸತ್ತವು ಮೂರು. ಮಹನೀಯರೇ, ಅಲ್ಲಿಗೆ ಹೊಸ ಆಸ್ಪತ್ರೆ ಬರಲಿಲ್ಲ, ದೊಡ್ಡ ಯಂತ್ರಗಳೂ ಬರಲಿಲ್ಲ. ಕೂಸಿನ ಪಕ್ಕದಲ್ಲಿ ಕುಳಿತು ನೋಡಬಲ್ಲ, ನೋಡಿದ್ದನ್ನು ಅರಿಯಬಲ್ಲ, ಅರಿತೊಡನೆ ಕೈಯಾಡಿಸಬಲ್ಲ ಒಬ್ಬ ಹೆಂಗಸು ಬಂದಳು, ಅಷ್ಟೆ. ೨೦೧೧ರಲ್ಲಿ ಭಾರತ ಸರಕಾರವು ಆಶಾ ಕಾರ್ಯಕರ್ತೆಯರು ಆರು ವಾರದವರೆಗೆ ಕೂಸಿನ ಮನೆಗೆ ಗೊತ್ತಾದ ದಿನಗಳಂದು ಹೋಗಬೇಕೆಂಬ ಯೋಜನೆಯನ್ನು ದೇಶಕ್ಕೆಲ್ಲ ಹಬ್ಬಿಸಿತು. ಆಸ್ಪತ್ರೆಗೆ ಒಯ್ಯುವುದು ಅಸಾಧ್ಯವಾದ ಕಡೆ ಎಳೆಗೂಸುಗಳಿಗೆ ಸಮೀಪದಲ್ಲೇ ಚಿಕಿತ್ಸೆ ಕೊಡುವ ಕ್ರಮವನ್ನು ೨೦೧೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿತು.

ಸಿರಿವಂತ ದೇಶದ ಚಿಕಿತ್ಸೆಯನ್ನು ಇದ್ದಂತೆಯೇ ಹೊತ್ತು ತಂದರೆ ಸಾಲದೇ ಎಂದು ಕೇಳುವವರಿಗೆ ಆಫ್ರಿಕ ಖಂಡದ ಒಂದು ಪಾಠವಿದೆ. ನಂಜೇರಿ ರಕ್ತಸಂಚಾರ ಕುಂದಿದ ಮಗುವಿಗೆ ರಕ್ತನಾಳದ ಮೂಲಕ ಬಹಳಷ್ಟು ದ್ರವವನ್ನು ಬೇಗ ಬೇಗ ಕೊಡುವುದು ಸಿರಿವಂತ ದೇಶಗಳ ರೂಢಿ. ಕೀನ್ಯ, ಉಗಾಂಡ, ಟಾಂಜಾನಿಯ ದೇಶಗಳ ಆಸ್ಪತ್ರೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ ೨೦೧೧ರಲ್ಲಿ ಫಲವನ್ನು ಪ್ರಕಟಿಸಿದರು. ಹಾಗೆ ದ್ರವವನ್ನು ಸುರಿದ ಮಕ್ಕಳಲ್ಲಿ ನೂರಕ್ಕೆ ಹತ್ತೂವರೆಯಷ್ಟು ಎರಡು ದಿನಗಳೊಳಗೆ ತೀರಿಕೊಂಡರೆ, ಸುರಿಯದೆ ನಿಧಾನವಾಗಿ ಕೊಟ್ಟವರಲ್ಲಿ ಏಳಕ್ಕಿಂತ ತುಸು ಹೆಚ್ಚು. ಆ ಮಕ್ಕಳಲ್ಲಿ ಅನೇಕರಿಗೆ ಮಲೇರಿಯವೂ ರಕ್ತಹೀನತೆಯೂ ಇದ್ದುವು. ಉಸಿರಾಟದ ಯಂತ್ರಗಳು ಅಲ್ಲಿರಲಿಲ್ಲ. ವಾಂತಿಭೇದಿಯಿಂದ ನೀರಿಂಗಿದ ಮಕ್ಕಳನ್ನು ಈ ಪರೀಕ್ಷೆಗೆ ಸೇರಿಸಿರಲಿಲ್ಲ, ಅವರ ಮಾತು ಬೇರೆ. ನಾವು ಹೇಳುವುದಿಷ್ಟು: ಬಡ ನಾಡಿನ ಮಗುವಿಗೆ ಯಾವುದು ಹಿತವೆಂಬುದನ್ನು ಆ ಮಗುವಿನ ಬಳಿಯಲ್ಲಿಯೇ ಪರೀಕ್ಷಿಸಿ ಅರಿಯಬೇಕು.

ಉಗಾಂಡ ದೇಶವೇ ಇನ್ನೊಂದು ಮಾತನ್ನೂ ಕಲಿಸಿದೆ. ಸೋಂಕಿನಿಂದ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಅಲ್ಲಿಯೇ ಸತ್ತವರೆಷ್ಟೋ, ಗುಣವಾಯಿತೆಂದು ಮನೆಗೆ ಕಳಿಸಿದ ಮೇಲೆ ಆರು ತಿಂಗಳೊಳಗೆ ಸತ್ತವರೂ ಹೆಚ್ಚುಕಡಿಮೆ ಅಷ್ಟೇ ಎಂದು ಅಲ್ಲಿಯ ಅಧ್ಯಯನವೊಂದು ಕಂಡುಕೊಂಡಿತು. ಸೊರಗಿದ ಮಗು ಅದೇ ಬಡಮನೆಗೆ ಮರಳುತ್ತದೆ. ಮತ್ತೆ ಬಿದ್ದರೆ ಯಾರೂ ನೋಡುವವರಿಲ್ಲ. ಆಸ್ಪತ್ರೆಯಿಂದ ಬಿಟ್ಟರೆಂದು ಕೂಡಲೇ ನಿಶ್ಚಿಂತರಾಗಬಾರದು. ಹೇಳಿದ ದಿನ ಮರಳಿ ತೋರಿಸಬೇಕು. ಮಗು ಮತ್ತೆ ಮಂಕಾದರೆ ಆ ದಿನಕ್ಕಾಗಿ ಕಾಯದೆ ಓಡಬೇಕು.

ತಡೆಯುವ ಉಪಾಯಗಳಿಲ್ಲವೇ? ಇವೆ, ಮತ್ತು ಅಗ್ಗವಾಗಿವೆ. ಕೂಸನ್ನು ಮುಟ್ಟುವವರು ಸಾಬೂನಿನಿಂದ ಕೈತೊಳೆಯುವುದು, ಹುಟ್ಟಿದ ಗಂಟೆಯೊಳಗೆ ತಾಯಿಯ ಹಾಲು, ಆರು ತಿಂಗಳು ಅದೊಂದೇ ಆಹಾರ, ಹೊಕ್ಕುಳಿಗೆ ಎಣ್ಣೆ ಬೂದಿಗಳನ್ನು ಹಚ್ಚದಿರುವುದು, ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಒರಗಿಸಿ ಬೆಚ್ಚಗಿಡುವುದು, ಲಸಿಕೆಗಳನ್ನು ಕಾಲಕಾಲಕ್ಕೆ ಹಾಕಿಸುವುದು. ಬಸುರಿಗೆ ಲಸಿಕೆ, ಹೆರಿಗೆಯಲ್ಲಿ ಶುಚಿ ಎಂಬ ಎರಡೇ ಉಪಾಯಗಳಿಂದ ಕೂಸುಗಳ ಧನುರ್ವಾಯುವನ್ನು ನಮ್ಮ ದೇಶ ಬಹುಮಟ್ಟಿಗೆ ತೊಡೆದುಹಾಕಿತು. ೨೦೧೫ರಲ್ಲಿ ಅದು ದೃಢಪಟ್ಟಿತು. ಆದರೆ ಒಂದೇ ಗುಳಿಗೆಯಿಂದ ಎಲ್ಲವೂ ಆಗದು. ಹೆರಿಗೆಯ ವೇಳೆ ತಾಯಿಗೆ ಅಜಿತ್ರೋಮೈಸಿನ್ ಕೊಟ್ಟರೆ ಹೇಗೆಂದು ಏಳು ದೇಶಗಳಲ್ಲಿ ೨೯ ಸಾವಿರಕ್ಕೂ ಹೆಚ್ಚು ತಾಯಂದಿರಲ್ಲಿ ಪರೀಕ್ಷಿಸಿದರು. ನಮ್ಮ ಬೆಳಗಾವಿಯೂ ಅದರ ಒಂದು ಕೇಂದ್ರವಾಗಿತ್ತೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ೨೦೨೩ರಲ್ಲಿ ಬಂದ ಫಲದ ಪ್ರಕಾರ ತಾಯಂದಿರ ನಂಜು ಕಡಿಮೆಯಾಯಿತು. ಕೂಸುಗಳ ನಂಜು ಕಡಿಮೆಯಾಗಲಿಲ್ಲ.

ಔಷಧದ ಅಂಗಡಿಯಲ್ಲಿ ಕೇಳಿ ತಂದು ಆಂಟಿಬಯೋಟಿಕ್ ಕುಡಿಸುವ ಚಟವನ್ನಂತೂ ನಾವು ಬಿಡಲೇಬೇಕು. ದಿಲ್ಲಿಯ ಮೂರು ಆಸ್ಪತ್ರೆಗಳಲ್ಲಿ ೨೦೧೧ರಿಂದ ೨೦೧೪ರವರೆಗೆ ನಡೆದ ಅಧ್ಯಯನವು, ಕೂಸುಗಳ ರಕ್ತದಲ್ಲಿ ಸಿಕ್ಕ ರೋಗಾಣುಗಳಲ್ಲಿ ಬಹಳಷ್ಟು ಹಲವು ಔಷಧಗಳಿಗೆ ಬಗ್ಗದವೆಂದು ತೋರಿಸಿತು. ಇಂದು ನಾವು ನೆಗಡಿಗೆ ಪೋಲು ಮಾಡುವ ಮದ್ದು ನಾಳೆ ಯಾವುದೋ ತಾಯಿಯ ಕೂಸಿಗೆ ನಾಟದೆ ಹೋಗುತ್ತದೆ.

ಇನ್ನು ಮುಖ್ಯವಾದ ಮಾತು. ತಾಯಂದಿರು ದಯವಿಟ್ಟು ನೆನಪಿನಲ್ಲಿಡಬೇಕು. ಎರಡು ತಿಂಗಳೊಳಗಿನ ಕೂಸಿನಲ್ಲಿ ಕೆಳಗಿನವುಗಳಲ್ಲಿ ಯಾವ ಒಂದು ಕಂಡರೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡತಕ್ಕದ್ದು. ಒಂದನೆಯದು, ಚೆನ್ನಾಗಿ ಕುಡಿಯುತ್ತಿದ್ದ ಕೂಸು ಮೊಲೆ ಬಿಡುವುದು. ಎರಡನೆಯದು, ಸುಮ್ಮನಿರುವಾಗ ಎಣಿಸಿದರೆ ಒಂದು ನಿಮಿಷಕ್ಕೆ ೬೦ ಅಥವಾ ಹೆಚ್ಚು ಉಸಿರು. ಮೂರನೆಯದು, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೇದಿಕೊಳ್ಳುವುದು. ನಾಲ್ಕನೆಯದು, ಮೈ ಸುಡುವುದು ಅಥವಾ ತಣ್ಣಗಾಗುವುದು. ಉಷ್ಣಮಾಪಕದಲ್ಲಿ ೩೮ ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ಅಪಾಯ, ೩೫.೫ಕ್ಕಿಂತ ಇಳಿದರೂ ಅಪಾಯ. ಐದನೆಯದು, ಮುಟ್ಟಿ ಎಬ್ಬಿಸಿದರೆ ಮಾತ್ರ ಅಲ್ಲಾಡುವುದು, ಅಥವಾ ಅಲ್ಲಾಡದಿರುವುದು. ಆರನೆಯದು, ಸೆಳೆತ ಬರುವುದು. ಹೊಕ್ಕುಳ ಸುತ್ತ ಕೆಂಪೇರಿ ಕೀವು ಬಂದರೂ ತಡಮಾಡದೆ ತೋರಿಸಬೇಕು. ದೊಡ್ಡ ಮಕ್ಕಳಲ್ಲಾದರೆ, ಸೋಂಕು ಜ್ವರಗಳ ಜೊತೆಗೆ ಕೈಕಾಲು ತಣ್ಣಗಾಗುವುದು, ಚರ್ಮ ಮಚ್ಚೆಮಚ್ಚೆಯಾಗಿ ಬಿಳಿಚುವುದು, ಏದುಸಿರು, ಎಬ್ಬಿಸಿದರೂ ಏಳದ ಮಂಪರು, ಬಹಳ ಹೊತ್ತು ಮೂತ್ರವಾಗದಿರುವುದು, ಇವು ಅಪಾಯದ ಗುರುತುಗಳು. "ನಾಳೆ ನೋಡೋಣ", "ಭಾನುವಾರ ಕಳೆಯಲಿ", "ಊರಿಗೆ ಫೋನು ಮಾಡಿ ಕೇಳೋಣ" ಎಂಬ ಮೂರು ಮಾತುಗಳು ಆ ಹೊತ್ತಿನಲ್ಲಿ ಬಾಯಿಗೆ ಬರಬಾರದು.

ಕಡೆಯದಾಗಿ ಸಂಘದ ಹಿರಿಯರಲ್ಲಿ ಎರಡು ಬಿನ್ನಹಗಳಿವೆ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಕಡೆಗಳಿಂದ ಕೂಲಿಗೆಂದು ಈ ಊರಿಗೆ ಬಂದ ಸಾವಿರಾರು ಕನ್ನಡ ಕುಟುಂಬಗಳು ಕಟ್ಟಡಗಳ ಬುಡದಲ್ಲಿ ಗುಡಿಸಲು ಹಾಕಿಕೊಂಡಿವೆ. ಅವರು ಇಂಥ ಸಭೆಗಳಿಗೆ ಬರುವವರಲ್ಲ. ಅವರು ಕಟ್ಟಿದ ಮನೆಗಳಲ್ಲಿ ನಾವಿದ್ದೇವೆ. ಮೊದಲನೆಯ ಬಿನ್ನಹ, ಈಗ ಹೇಳಿದ ಗುರುತುಗಳನ್ನು ವೈದ್ಯರಿಂದ ತಿದ್ದಿಸಿ, ಆ ಕಡೆಯವರು ಆಡುವ ಕನ್ನಡದಲ್ಲಿಯೇ, ಚಿತ್ರಸಹಿತವಾಗಿ ಒಂದು ಹಸ್ತಪತ್ರಿಕೆಯಾಗಿ ಅಚ್ಚುಮಾಡಿಸಿ ಗುಡಿಸಲು ಗುಡಿಸಲಿಗೆ ಮುಟ್ಟಿಸಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ಎರಡನೆಯದು, ಸಂಘದ ಸದಸ್ಯರಲ್ಲಿ ಹತ್ತು ಮಂದಿ ತಮ್ಮ ಫೋನ್ ನಂಬರನ್ನು ಆ ಪತ್ರಿಕೆಗೆ ಕೊಡಬೇಕು. ಅಪರಾತ್ರಿಯಲ್ಲಿ ಒಬ್ಬ ತಾಯಿ ಕರೆದರೆ, ಹತ್ತಿರದ ಸರಕಾರಿ ಆಸ್ಪತ್ರೆ ಎಲ್ಲಿದೆಯೆಂದು ಆಕೆಗೆ ಕನ್ನಡದಲ್ಲಿಯೂ, ಕೂಸು ಯಾವಾಗಿನಿಂದ ಹಾಲು ಬಿಟ್ಟಿದೆಯೆಂದು ಅಲ್ಲಿಯ ದಾದಿಗೆ ಮರಾಠಿಯಲ್ಲಿಯೂ ಹೇಳಿದರೆ ಸಾಕು. ಆ ಹತ್ತರಲ್ಲಿ ಮೊದಲನೆಯ ಹೆಸರು ನಮ್ಮದು. ಅಚ್ಚಿನ ವೆಚ್ಚಕ್ಕೆಂದು ನಮ್ಮ ಕೈಲಾದ ಸಣ್ಣ ಮೊತ್ತವನ್ನು ಕೋಶಾಧ್ಯಕ್ಷರಿಗೆ ಈಗಲೇ ಒಪ್ಪಿಸಿದ್ದೇವೆ, ರಸೀದಿಯನ್ನೂ ಪಡೆದಿದ್ದೇವೆ.

ಪರನಾಡಿನಲ್ಲಿ ಕನ್ನಡವನ್ನು ಉಳಿಸಬೇಕೆಂದು ನಾವೆಲ್ಲ ವರ್ಷವರ್ಷವೂ ಪ್ರತಿಜ್ಞೆ ಮಾಡುತ್ತೇವೆ. ಆ ತಗಡಿನ ಸಾಲಿನಲ್ಲಿ ಅಂದು ಒಬ್ಬ ಕನ್ನಡಿಗನ ಫೋನ್ ನಂಬರು ಇದ್ದಿದ್ದರೆ ಆ ತಾಯಿಯ ಚೊಚ್ಚಲ ಕೂಸು ಇಂದು ಕಾಲೇಜಿಗೆ ಹೋಗುವ ವಯಸ್ಸಿನದಾಗಿರುತ್ತಿತ್ತು. ಆಕೆಯನ್ನು ಇಂದಿನ ಸಭೆಗೆ ಕರೆದೆವು. ಕೆಲಸದ ಮನೆಗಳು ಇನ್ನೂ ಎರಡು ಉಳಿದಿವೆ, ಮುಗಿಸಿ ಬರುತ್ತೇನೆ ಎಂದಿದ್ದಾಳೆ. ಬಂದರೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿಯನ್ನು ಬಿಟ್ಟುಕೊಡಬೇಕೆಂದು ಕೋರಿ ನಮ್ಮ ಮಾತನ್ನು ಮುಗಿಸುತ್ತೇವೆ.